ಕುಟ್ಟಮಿತವೆಂಬ ಅಲಂಕಾರವೂ ಪರಿಪ್ಲುತೆಯೆಂಬ ವೇದನೆಯೂ

ಶೃಂಗಾರವು ರಸಗಳಿಗೆ ರಾಜನೆಂದು ನಮ್ಮ ಆಲಂಕಾರಿಕರು ಸಾರಿರುವರು. ಆ ರಾಜ್ಯದ ಪ್ರಜೆಗಳಲ್ಲಿ ಅರ್ಧದಷ್ಟು ಮಂದಿಯ ಅಹವಾಲನ್ನು ಮಾತ್ರ ಯಾರೂ ಬರೆದುಕೊಂಡಂತೆ ತೋರುವುದಿಲ್ಲ. ದಂಪತಿಗಳ ಸಂಗಮದಲ್ಲಿ ಸುಖಕ್ಕೆ ಬದಲಾಗಿ ನೋವನ್ನೇ ಅನುಭವಿಸುವ ಸ್ತ್ರೀಯರು ಹಿಂದೆಯೂ ಇದ್ದರು, ಈಗಲೂ ಇರುವರು. ಒಂದು ದಿನದ ಮಾತಲ್ಲ, ವರುಷಾನುಗಟ್ಟಲೆ ಸಹಿಸುವರು. ವೈದ್ಯರು ಪರೀಕ್ಷಿಸಿ ನೋಡಿದರೆ ಎಷ್ಟೋ ವೇಳೆ ಕಣ್ಣಿಗೆ ಬೀಳುವಂಥ ಗಾಯವಾಗಲಿ, ಗಂಟಾಗಲಿ ಇರುವುದಿಲ್ಲ. ಕಾರಣವು ಕಾಣದ್ದರಿಂದ ನೋವೂ ಇಲ್ಲವೆಂದು ತೀರ್ಮಾನವಾಗುವುದು.

ಇದು ವೈದ್ಯರ ವಿಷಯ, ಸಾಹಿತ್ಯಪತ್ರಿಕೆಯಲ್ಲಿ ಇದಕ್ಕೇನು ಕೆಲಸವೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಹೆಣ್ಣುಮಕ್ಕಳೂ ಓದುವ ಪತ್ರಿಕೆಯಲ್ಲಿ ಇಂಥ ಪ್ರಸ್ತಾಪವು ಉಚಿತವೇ ಎಂದು ಮತ್ತೆ ಕೆಲವರು ಹುಬ್ಬುಗಂಟಿಕ್ಕಬಹುದು. ಎರಡನೆಯ ಆಕ್ಷೇಪಕ್ಕೆ ಸಮಾಧಾನವು ಸುಲಭ: ಚರಕಸಂಹಿತೆಯಲ್ಲಿ ಸಂಕೋಚವಿಲ್ಲದೆ ಹೇಳಿದ ವಿಷಯವನ್ನು ಹೇಳಲು ಸಂಕೋಚಪಡುವಷ್ಟು ನಾವು ಅವರಿಗಿಂತ ಶುಚಿಗಳಲ್ಲ. ಮೊದಲನೆಯದಕ್ಕೆ ಈ ಲೇಖನವೇ ಸಮಾಧಾನವಾಗಬೇಕು. ನೋವು ದೇಹದ್ದು, ನಿಜ. ಆದರೆ ಅದು ವೈದ್ಯನ ಬಳಿಗೆ ಹೋಗಬೇಕಾದರೆ ಮಾತಿನ ದಾರಿಯಿಂದಲೇ ಹೋಗಬೇಕು. ಆ ದಾರಿಯನ್ನು ಕಟ್ಟಿದವರು ಕವಿಗಳು, ಲಾಕ್ಷಣಿಕರು ಮತ್ತು ಅವರನ್ನು ಪಾಠ ಹೇಳಿದ ನಮ್ಮಂಥ ಉಪಾಧ್ಯಾಯರು.

ಭರತಮುನಿಯು ಸಾಮಾನ್ಯಾಭಿನಯದ ಅಧ್ಯಾಯದಲ್ಲಿ ಸ್ತ್ರೀಯರಿಗೆ ಸ್ವಭಾವಜವಾದ ಹತ್ತು ಅಲಂಕಾರಗಳನ್ನು ಹೇಳಿರುವನು. ಲೀಲೆ, ವಿಲಾಸ, ವಿಚ್ಛಿತ್ತಿ ಮೊದಲಾದವು ಪಾಠಶಾಲೆಯಲ್ಲಿ ಓದಿದವರಿಗೆ ಕಂಠಸ್ಥವೇ ಆಗಿರುತ್ತವೆ. ಇವುಗಳಲ್ಲಿ ಏಳನೆಯದು ಕುಟ್ಟಮಿತ, ಹತ್ತನೆಯದು ವಿಹೃತ. ಪ್ರಿಯನು ಕೇಶ, ಸ್ತನ, ಅಧರಾದಿಗಳನ್ನು ಹಿಡಿದಾಗ ನಾಯಿಕೆಯು ಒಳಗೆ ಹರ್ಷಪಡುತ್ತಿದ್ದರೂ ಹೊರಗೆ ದುಃಖವನ್ನು ನಟಿಸುವುದು ಕುಟ್ಟಮಿತ. ಆಡಬೇಕಾದ ಸಮಯವು ಬಂದಿದ್ದರೂ ಲಜ್ಜೆಯಿಂದ ಆಡದೆ ಉಳಿಯುವುದು ವಿಹೃತ. ಧನಂಜಯನು ದಶರೂಪಕದಲ್ಲಿ ಮುಗ್ಧೆಯ ಲಕ್ಷಣವನ್ನು ಹೇಳುವಾಗ ಹೊಸ ಪ್ರಾಯ, ಹೊಸ ಬಯಕೆಗಳ ಜೊತೆಗೆ ರತಿಯಲ್ಲಿ ಪ್ರತಿಕೂಲಳಾಗಿರುವುದನ್ನೂ ಸೇರಿಸಿರುವನು. ಕನ್ನಡದಲ್ಲಿ ಕವಿಕಾಮನ ಶೃಂಗಾರರತ್ನಾಕರ, ಸಾಳ್ವನ ರಸರತ್ನಾಕರ ಮೊದಲಾದ ಗ್ರಂಥಗಳ ಮೂಲಕ ಈ ರಸವಿಚಾರವು ನಮ್ಮ ಕಾವ್ಯಾಭ್ಯಾಸಕ್ಕೆ ಇಳಿದು ಬಂದಿತು.

ರಂಗದ ಮೇಲೆ ಈ ವಿಭಾಗದಿಂದ ಪ್ರಯೋಜನವಿಲ್ಲವೆಂದು ನಾನು ಹೇಳುವುದಿಲ್ಲ. ನಟಿಗೆ ಅಭಿನಯಸೂತ್ರವಾಗಿ ಅದು ಸೂಕ್ಷ್ಮವಾದುದೇ. ಆದರೆ ಇದನ್ನೇ ಓದುವ ಕ್ರಮವನ್ನಾಗಿ ಮಾಡಿಕೊಂಡರೆ ಏನಾಗುವುದೆಂದು ಆಲೋಚಿಸಿರಿ. ಒಬ್ಬಳು ನೋವೆಂದು ಕೂಗಿದರೆ ಅದು ಕುಟ್ಟಮಿತ. ಕೂಗದೆ ಹಲ್ಲು ಕಚ್ಚಿ ಸುಮ್ಮನಿದ್ದರೆ ವಿಹೃತ. ಬೇಡವೆಂದು ಮುಖ ತಿರುಗಿಸಿದರೆ ಮುಗ್ಧೆಯ ಲಕ್ಷಣ. ಮೂರೂ ಅವಳಿಗೆ ಭೂಷಣವೇ. ನಿಜವಾಗಿ ನೋಯುತ್ತಿರುವವಳು ಯಾವ ಮಾತನ್ನಾಡಿದರೆ ನಿಜವೆಂದು ತಿಳಿಯಬೇಕು? ಅದಕ್ಕೆ ಈ ಲಕ್ಷಣಗ್ರಂಥಗಳಲ್ಲಿ ಎಡೆಯೇ ಇಲ್ಲ. ದುಃಖದ ಚಿಹ್ನೆಗಳನ್ನೆಲ್ಲ ಸುಖದ ಕಡೆಗೆ ಬರೆದುಕೊಂಡ ಮೇಲೆ ದುಃಖಕ್ಕೆ ಚಿಹ್ನೆಯೇ ಉಳಿಯಲಿಲ್ಲ. ನಮ್ಮ ಶೃಂಗಾರವಿಮರ್ಶೆಯ ದೊಡ್ಡ ಕೊರತೆಯು ಇದೇ ಎಂದು ನನ್ನ ಅಭಿಪ್ರಾಯ. ಅಶ್ಲೀಲವೋ ಅಲ್ಲವೋ ಎಂಬ ವಾದದಲ್ಲಿ ನಾವು ನೂರು ವರ್ಷ ಕಳೆದೆವು. ಆ ವರ್ಣನೆಗಳೊಳಗಿನ ಹೆಂಗಸು ಏನು ಅನುಭವಿಸುತ್ತಿದ್ದಾಳೆಂದು ಕೇಳಲಿಲ್ಲ.

ಕವಿಗಳಿಗಿಂತ ಕಾಮಶಾಸ್ತ್ರಕಾರನೇ ಈ ವಿಷಯದಲ್ಲಿ ಹೆಚ್ಚು ದಯಾವಂತನೆಂದರೆ ಆಶ್ಚರ್ಯವಾದೀತು. ವಾತ್ಸ್ಯಾಯನನು ಕನ್ಯಾವಿಸ್ರಂಭಣವೆಂಬ ಅಧ್ಯಾಯವನ್ನೇ ಬರೆದು, ಮದುವೆಯಾದ ಮೊದಲ ಮೂರು ರಾತ್ರಿ ಬ್ರಹ್ಮಚರ್ಯದಿಂದಿರಬೇಕೆಂದೂ, ಸ್ತ್ರೀಯರು ಹೂವಿನಂಥವರಾದುದರಿಂದ ಮೃದುವಾಗಿಯೇ ಉಪಚರಿಸಬೇಕೆಂದೂ, ನಂಬುಗೆ ಹುಟ್ಟುವ ಮೊದಲೇ ಬಲಾತ್ಕರಿಸಿದರೆ ಅವರು ಸಂಗಮವನ್ನೇ ದ್ವೇಷಿಸುವವರಾಗುವರೆಂದೂ ವರನಿಗೆ ಬುದ್ಧಿ ಹೇಳಿರುವನು. ಪ್ರಹಾರಗಳ ಪ್ರಕರಣದಲ್ಲಿ ಅವನು ಕೊಡುವ ಉದಾಹರಣೆಯೊಂದು ನಮ್ಮ ಸೀಮೆಗೂ ಸಂಬಂಧಪಟ್ಟುದು. ಕುಂತಲದ ಶಾತಕರ್ಣಿ ಶಾತವಾಹನನು ಇಂಥ ಪ್ರಹಾರದಿಂದಲೇ ತನ್ನ ಮಹಾದೇವಿ ಮಲಯವತಿಯನ್ನು ಕೊಂದನೆಂದು ಅಲ್ಲಿ ಹೇಳಿದೆ. ಕುಂತಲವೆಂದರೆ ಬಹುಮಟ್ಟಿಗೆ ಈ ನಮ್ಮ ಕನ್ನಡನಾಡೇ. ಎಚ್ಚರಿಕೆಗಾಗಿ ಹೇಳಿದ ಆ ಒಂದು ವಾಕ್ಯವನ್ನು ಬಿಟ್ಟರೆ ಮಲಯವತಿಗೆ ನಮ್ಮಲ್ಲಿ ಬೇರೆ ಸ್ಮಾರಕವಿಲ್ಲ. ಅದೇ ಪ್ರಕರಣದಲ್ಲಿ ಸಾಕು, ಬಿಡು, ಅವ್ವಾ ಎಂಬರ್ಥದ ಕೂಗುಗಳೂ ಸೀತ್ಕಾರದ ಪಟ್ಟಿಯಲ್ಲಿ ಸೇರಿಹೋಗಿವೆಯೆಂಬುದನ್ನು ಮರೆಯಬಾರದು. ವಾತ್ಸ್ಯಾಯನನೂ ಪೂರ್ತಿಯಾಗಿ ಕಿವಿಗೊಟ್ಟವನಲ್ಲ.

ಹಂಪೆಯ ಕಾಲಕ್ಕೆ ಬಂದರೆ, ಪ್ರೌಢದೇವರಾಯನ ಹೆಸರಿನಲ್ಲಿ ರತಿರತ್ನಪ್ರದೀಪಿಕೆಯೆಂಬ ಸಂಸ್ಕೃತಗ್ರಂಥವೊಂದು ನಮಗೆ ಉಳಿದಿದೆ. ಹಿಂದಿನ ಶಾಸ್ತ್ರಗಳ ಜಾಡಿನಲ್ಲೇ ನಡೆಯುವ ಕೃತಿ. ಪದ್ಮಿನಿ ಚಿತ್ತಿನಿ ಮುಂತಾದ ಜಾತಿಗಳ ವಿಚಾರವೇ ಇಂಥ ಕೃತಿಗಳ ಜೀವಾಳ. ನೋವಿನ ಮಾತು ಬಂದರೆ ಸಮ ವಿಷಮ ಪ್ರಮಾಣಗಳ ಲೆಕ್ಕದಲ್ಲಿ ಅದು ಮುಗಿದುಹೋಗುವುದು, ಅಳತೆಯು ಹೊಂದಿದರೆ ಎಲ್ಲವೂ ಹೊಂದಿತೆಂಬಂತೆ. ಹಂಪೆಯ ಗುಡಿಗಳ ಕಂಬಗಳಲ್ಲಿಯೂ ಗೋಪುರದ ಗಾರೆಯ ಕೆಲಸದಲ್ಲಿಯೂ ಮಿಥುನಗಳು ಇರುವುದನ್ನು ಎಲ್ಲರೂ ಕಂಡಿರುವರು. ಅಲ್ಲಿಯೂ ಮುಖಗಳೆಲ್ಲ ನಗುಮುಖಗಳೇ. ಕಾಮನು ಭಸ್ಮವಾದುದು ನಮ್ಮ ಹೇಮಕೂಟದ ಮೇಲೆಯೇ ಎಂದು ಸ್ಥಳಪುರಾಣವು ಹೇಳುವುದಷ್ಟೆ. ಪಂಪಾವಿರೂಪಾಕ್ಷರ ಕಲ್ಯಾಣೋತ್ಸವವನ್ನು ವರ್ಷವರ್ಷವೂ ನೋಡುವವರು ನಾವು. ಕಲ್ಯಾಣದ ತನಕ ನಮ್ಮ ವರ್ಣನೆಗೆ ಆಯಾಸವಿಲ್ಲ. ಕಲ್ಯಾಣದ ಮಾರನೆಯ ದಿನದಿಂದ ಮೌನ. ಕಂಪಿಲಿಯ ಕುಮಾರರಾಮನ ಕಥೆಯಲ್ಲಿಯೂ ಮಗನಿಗೆಂದು ನೋಡಿದ ಎಳೆಯ ರತ್ನಾಜಿಯನ್ನು ಮುದಿಯನಾದ ಕಂಪಿಲರಾಯನೇ ಮದುವೆಯಾಗುವನು. ಅವಳ ಮೋಹವನ್ನೂ ಅವಳ ಸುಳ್ಳನ್ನೂ ನಾವು ಬಾಯಿಪಾಠವಾಗಿ ಬಲ್ಲೆವು. ಆ ಮದುವೆಯ ಹಾಸಿಗೆಯು ಅವಳಿಗೆ ಹೇಗಿದ್ದಿತೆಂಬ ಪ್ರಶ್ನೆಯು ಕಥೆ ಹೇಳಿದವರಿಗೂ ಕೇಳಿದವರಿಗೂ ಹುಟ್ಟಿದಂತೆ ಕಾಣೆ.

ಹಾಗಾದರೆ ನಮ್ಮ ಪೂರ್ವಿಕರಿಗೆ ಈ ವೇದನೆಯು ಗೊತ್ತೇ ಇರಲಿಲ್ಲವೇ? ಗೊತ್ತಿದ್ದಿತು, ಚೆನ್ನಾಗಿಯೇ ಗೊತ್ತಿದ್ದಿತು. ಕಾವ್ಯದ ಕಪಾಟನ್ನು ಮುಚ್ಚಿ ವೈದ್ಯದ ಕಪಾಟನ್ನು ತೆರೆಯಬೇಕು, ಅಷ್ಟೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೂವತ್ತನೆಯ ಅಧ್ಯಾಯದಲ್ಲಿ ಇಪ್ಪತ್ತು ಯೋನಿವ್ಯಾಪತ್ತುಗಳು ಉಕ್ತವಾಗಿವೆ. ಅವುಗಳಲ್ಲಿ ಪರಿಪ್ಲುತೆಯೆಂಬುದರಲ್ಲಿ ಊತ, ಮುಟ್ಟಿದರೆ ಸಹಿಸಲಾರದ ಸ್ಥಿತಿ, ಸೊಂಟ ತೊಡೆಸಂದು ಬೆನ್ನುಗಳಲ್ಲಿ ನೋವು. ಅಂತರ್ಮುಖಿಯೆಂಬುದರಲ್ಲಿ ತೀವ್ರವಾದ ವೇದನೆಯಿಂದ ಸಂಗಮವೇ ಅಶಕ್ಯ. ಸುಶ್ರುತನು ಉತ್ತರತಂತ್ರದಲ್ಲಿ ಇನ್ನೂ ಬಿಗಿಯಾಗಿ ಹೇಳುವನು: ಯಾವಾಗಲೂ ನೋಯುತ್ತಿರುವುದು ವಿಪ್ಲುತೆ, ಗ್ರಾಮ್ಯಧರ್ಮದ ಕಾಲದಲ್ಲಿ ವಿಶೇಷವಾಗಿ ನೋಯುವುದು ಪರಿಪ್ಲುತೆ. ಎರಡನ್ನೂ ವಾತಜವೆಂದು ಒಂದೇ ಸಾಲಿನಲ್ಲಿ ಸೇರಿಸಿರುವನು. ಇಲ್ಲಿ ಅಲಂಕಾರವಿಲ್ಲ, ಹಾವಭಾವವಿಲ್ಲ. ನೋವೆಂದರೆ ನೋವು.

ಈ ವಾಕ್ಯವನ್ನು ನಾನು ಶುದ್ಧವಾದ ಗದ್ಯದೃಷ್ಟಿಯಿಂದಲೂ ಮೆಚ್ಚುತ್ತೇನೆ, ಅದು ಶ್ಲೋಕದಲ್ಲಿದ್ದರೂ. ಹೆಸರಿಟ್ಟು, ಕಾಲವನ್ನು ಹೇಳಿ, ತೀವ್ರತೆಯನ್ನು ಹೇಳಿ, ಸುಮ್ಮನಾಗುವುದು. ಪಾಠಶಾಲೆಗಳಲ್ಲಿ ಕುಟ್ಟಮಿತವನ್ನು ಮೂರು ದಿನ ವ್ಯಾಖ್ಯಾನ ಮಾಡುತ್ತಿದ್ದ ಗುರುಗಳು ಈ ಅಧ್ಯಾಯವು ಬಂದಾಗ ಹಾಳೆಗಳನ್ನು ಒಟ್ಟಾಗಿ ಮಗುಚಿ ಮುಂದೆ ಹೋಗುತ್ತಿದ್ದುದನ್ನು ನನ್ನ ಜೊತೆಯವರು ಬಲ್ಲರು. ಲಜ್ಜೆಯು ಯಾವುದಕ್ಕೆ ಬರಬೇಕು, ಯಾವುದಕ್ಕೆ ಬಾರದು ಎಂಬ ವಿವೇಕವು ತಲೆಕೆಳಗಾಗಿದ್ದಿತು.

ಚರಕಸಂಹಿತೆಯಲ್ಲಿ ದೋಷವಿಲ್ಲವೆಂದಲ್ಲ. ಪರಿಪ್ಲುತೆಗೆ ಅದು ಹೇಳುವ ಕಾರಣವು ಸಂಗಮಕಾಲದಲ್ಲಿ ಸೀನು ತೇಗುಗಳನ್ನು ತಡೆಯುವುದು. ಅಂತರ್ಮುಖಿಗೆ ಹೊಟ್ಟೆ ತುಂಬ ಉಂಡು ವಿಷಮವಾಗಿ ಮಲಗುವುದು. ಇವನ್ನು ಇಂದು ಒಪ್ಪಲಾಗದು; ಇವುಗಳಲ್ಲಿ ಹೆಂಗಸಿನ ನಡವಳಿಕೆಯನ್ನೇ ಹೊಣೆಮಾಡುವ ಧಾಟಿಯೂ ಇದೆ. ಆದರೆ ಸಾಮಾನ್ಯಕಾರಣಗಳನ್ನು ಎಣಿಸುವಾಗ ಮಿಥ್ಯಾಚಾರದ ಜೊತೆಗೆ ದುಷ್ಟಾರ್ತವವನ್ನೂ, ಬೀಜದೋಷವನ್ನೂ, ದೈವವನ್ನೂ ಹೇಳಿದೆ. ಈ ದೈವವೆಂಬ ಪದವನ್ನು ನಾನು ಮೂಢನಂಬಿಕೆಯೆಂದು ತಳ್ಳಿಬಿಡಲಾರೆ. ಕಾರಣವು ತಿಳಿಯದಿದ್ದರೂ ರೋಗವು ರೋಗವೇ ಎಂದು ಒಪ್ಪಿಕೊಳ್ಳುವ ಒಂದು ಸ್ಥಾನವನ್ನು ಅದು ಕಾದಿರಿಸಿದೆ. ಆ ಸ್ಥಾನದಲ್ಲಿ ನಿಂತವಳಿಗೂ ಸ್ನೇಹ, ಸ್ವೇದ, ಬಸ್ತಿ, ಎಣ್ಣೆಯಲ್ಲಿ ಅದ್ದಿದ ಹತ್ತಿಯ ಪಿಚು ಮೊದಲಾದ ಚಿಕಿತ್ಸೆಗಳು ಇದ್ದೇ ಇವೆ. ಕಾರಣ ಕಾಣಲಿಲ್ಲವೆಂದು ಅವಳನ್ನು ಮನೆಗೆ ಕಳುಹಿಸಿಲ್ಲ.

ಅದೇ ಇಪ್ಪತ್ತರಲ್ಲಿ ಪ್ರಾಕ್ಚರಣೆಯೆಂಬುದೊಂದುಂಟು. ತೀರ ಎಳೆಯ ಬಾಲೆಯೊಡನೆ ಸಂಗಮವಾದರೆ ಅವಳ ಬೆನ್ನು, ಸೊಂಟ, ತೊಡೆ, ತೊಡೆಸಂದುಗಳು ನೊಂದು ವಾಯುವು ಕೆಡುವುದೆಂದು ಅಲ್ಲಿ ಹೇಳಿದೆ. ಇಷ್ಟು ಸ್ಪಷ್ಟವಾದ ವಚನವು ಕೈಯಲ್ಲಿದ್ದೂ ನಮ್ಮ ಸಮಾಜವು ಬಾಲ್ಯವಿವಾಹವನ್ನು ಬಿಡಲಿಲ್ಲ. ಬಂಗಾಳದಲ್ಲಿ ಫೂಲ್‌ಮಣಿಯೆಂಬ ಹತ್ತು ಹನ್ನೊಂದರ ಬಾಲೆಯು ಗಂಡನ ಕೈಯಲ್ಲಿ ಪ್ರಾಣಬಿಟ್ಟ ಮೇಲೆ 1891ರಲ್ಲಿ ಸರಕಾರವು ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತು. ಆಗ ಧರ್ಮವೇ ಮುಳುಗಿತೆಂದು ಕೂಗಿದ ಪಂಡಿತರು ಪ್ರಾಕ್ಚರಣೆಯ ಶ್ಲೋಕವನ್ನು ಓದಿರಲಿಲ್ಲವೋ, ಓದಿಯೂ ನುಂಗಿಕೊಂಡರೋ! ಹೊಸಪೇಟೆ ಕಂಪ್ಲಿಗಳು ಆಗ ಮದರಾಸು ಆಡಳಿತಕ್ಕೆ ಸೇರಿದ್ದುವು. ಸಂಡೂರು ಘೋರ್ಪಡೆಯವರ ಸಂಸ್ಥಾನವಾಗಿದ್ದು 1949ರಲ್ಲಿ ವಿಲೀನವಾಯಿತು. 1929ರ ಶಾರದಾ ಕಾಯಿದೆಯು ವಧುವಿನ ವಯಸ್ಸನ್ನು ಹದಿನಾಲ್ಕೆಂದಿತು, 1978ರ ತಿದ್ದುಪಡಿಯು ಹದಿನೆಂಟೆಂದಿತು. ಕಾನೂನು ಬಂದ ಮೇಲೂ ಗುಟ್ಟಾಗಿ ನಡೆಯುವ ಮದುವೆಗಳು ಪೂರ್ತಿಯಾಗಿ ನಿಂತಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ.

ಈಗಿನ ಪಾಶ್ಚಾತ್ಯವೈದ್ಯವು ಈ ವಿಷಯದಲ್ಲಿ ನಡೆದ ದಾರಿಯೂ ನೇರವಾದುದಲ್ಲ. ಅಮೆರಿಕೆಯ ಸಿಮ್ಸ್ ಎಂಬ ಶಸ್ತ್ರವೈದ್ಯನು 1860ರ ದಶಕದ ಮೊದಲಲ್ಲಿ, ಸಂಗಮವು ಅಶಕ್ಯವಾಗುವಂತೆ ಸ್ನಾಯುಗಳು ತಾವಾಗಿ ಬಿಗಿಯುವ ಸ್ಥಿತಿಗೆ ವೆಜೈನಿಸ್ಮಸ್ ಎಂಬ ಹೆಸರಿಟ್ಟು ಕತ್ತರಿಯನ್ನೇ ಚಿಕಿತ್ಸೆಯೆಂದನು. ಅವನು ಅದಕ್ಕೂ ಹಿಂದೆ ಗುಲಾಮರಾಗಿದ್ದ ಕರಿಯ ಸ್ತ್ರೀಯರ ಮೇಲೆ ಅರಿವಳಿಕೆಯಿಲ್ಲದೆ ಶಸ್ತ್ರಪ್ರಯೋಗ ಮಾಡಿ ಪ್ರಸಿದ್ಧನಾದವನು. ನೋವಿಗೆ ಹೆಸರಿಡುವುದಕ್ಕೂ ನೋವನ್ನು ಅರಿಯುವುದಕ್ಕೂ ಅಂತರವೆಷ್ಟೆಂಬುದಕ್ಕೆ ಇದು ನಿದರ್ಶನ. ಅಲ್ಲಿಂದ ಬಹುಕಾಲ ಈ ವೇದನೆಯನ್ನು ಮನಸ್ಸಿನ ರೋಗವೆಂದೇ ಎಣಿಸಿದರು. 1987ರಲ್ಲಿ ಫ್ರೀಡ್ರಿಖ್ ಎಂಬ ವೈದ್ಯರು ಕಡ್ಡಿಯ ತುದಿಗೆ ಹತ್ತಿ ಸುತ್ತಿ ದ್ವಾರಪ್ರದೇಶವನ್ನು ಮೆಲ್ಲಗೆ ಒತ್ತಿ ನೋಡುವ ಪರೀಕ್ಷೆಯನ್ನು ರೋಗಲಕ್ಷಣದಲ್ಲಿ ಸೇರಿಸಿದರು. ಹೊರಗೆ ಏನೂ ಕಾಣದಿದ್ದರೂ ಹತ್ತಿಯ ಸ್ಪರ್ಶಕ್ಕೇ ಅವಳು ಬೆಚ್ಚಿಬೀಳುವಳು. ಚರಕಸಂಹಿತೆಯು ಹೇಳಿದ ಸ್ಪರ್ಶದ ಅಸಹನೆಯೇ ಇದು. 2015ರ ಅಂತರರಾಷ್ಟ್ರೀಯ ಪರಿಭಾಷೆಯಲ್ಲಿ, ಸ್ಪಷ್ಟವಾದ ಕಾರಣ ಕಾಣದೆ ಮೂರು ತಿಂಗಳಾದರೂ ಉಳಿದ ಇಂಥ ವೇದನೆಗೆ ವಲ್ವೊಡೀನಿಯಾ ಎಂದು ಹೆಸರು. ಮುಟ್ಟಿದಾಗ ಬರುವುದು, ತಾನಾಗಿ ಬರುವುದು ಎಂಬ ಭೇದವನ್ನೂ ಮಾಡಿರುವರು. ಸುಶ್ರುತನ ಪರಿಪ್ಲುತೆ ವಿಪ್ಲುತೆಗಳ ಭೇದವು ನೆನಪಾಗದಿರದು. ನಮ್ಮವರಿಗೆ ಎಲ್ಲವೂ ಮೊದಲೇ ಗೊತ್ತಿದ್ದಿತೆಂದು ಎದೆತಟ್ಟಿಕೊಳ್ಳುವವರ ಪೈಕಿ ನಾನಲ್ಲ. ನರಗಳ ವಿಚಾರವಾಗಲಿ ಸ್ನಾಯುಗಳ ವಿಚಾರವಾಗಲಿ ಸುಶ್ರುತನಿಗೆ ಈಗಿನಂತೆ ತಿಳಿದಿರಲಿಲ್ಲ. ರೋಗಿಯ ಮಾತನ್ನು ನಂಬಿ ಬರೆದುಕೊಂಡವರು ದೂರದೂರದ ಕಾಲಗಳಲ್ಲಿದ್ದರೂ ಒಂದೇ ಭೇದವನ್ನು ಕಂಡರೆಂಬುದಷ್ಟೇ ನನ್ನ ಮಾತು.

ಕಾರಣವು ಸಿಕ್ಕುವ ಸಂದರ್ಭಗಳೂ ಅನೇಕವಿವೆ. ಗರ್ಭಾಶಯದ ಒಳಪದರದಂಥ ಪದರವು ಹೊರಗಡೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ರೋಗವು ಪ್ರಸವಯೋಗ್ಯ ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 10ರಷ್ಟು ಮಂದಿಗೆ ಇರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು; ಒಳಗೆ ಆಳದಲ್ಲಿ ನೋಯುವುದಕ್ಕೆ ಇದೊಂದು ಮುಖ್ಯಕಾರಣ, ಸ್ಕ್ಯಾನಿನಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ಇದು ಇಲ್ಲವೆನ್ನಲಾಗದು. ಸೋಂಕು, ನಮ್ಮ ದೇಶದಲ್ಲಿ ಕ್ಷಯ, ಹೆರಿಗೆಯ ಹೊಲಿಗೆಯ ಕಲೆ, ಬಾಣಂತನದಲ್ಲಿಯೂ ಮುಟ್ಟು ನಿಂತ ಮೇಲೂ ಬರುವ ಒಣಗುವಿಕೆ, ಇವೆಲ್ಲವೂ ಇರಬಹುದು. ಆಯಾ ಕಾರಣಕ್ಕೆ ತಕ್ಕಂತೆ ಔಷಧ, ಲೇಪ, ಶಸ್ತ್ರಕ್ರಿಯೆಗಳುಂಟು; ಬಿಗಿದ ಸ್ನಾಯುಗಳನ್ನು ಸಡಿಲಿಸಲು ಅಂಗಸಾಧನೆಯನ್ನು ಕಲಿಸುವ ತಜ್ಞರೂ ಇರುವರು. ಭಯದಿಂದ ಸ್ನಾಯುವು ಬಿಗಿಯುವುದು, ಬಿಗಿದುದರಿಂದ ನೋವು, ನೋವಿನಿಂದ ಮತ್ತೆ ಭಯ. ಮನಸ್ಸಿಗೂ ಇದರಲ್ಲಿ ಪಾಲುಂಟೆಂದರೆ ನೋವು ಕಲ್ಪಿತವೆಂದು ಅರ್ಥವಲ್ಲ.

ಇಷ್ಟೆಲ್ಲ ಇದ್ದರೂ ನಮ್ಮ ಊರುಗಳಲ್ಲಿ ನಡೆಯುವುದೇನು? ಬಹುಕಾಲ ಪಾಠ ಹೇಳಿದವನ ಮನೆಗೆ ಹಳೆಯ ಶಿಷ್ಯೆಯರು ಬರುವುದುಂಟು. ಅಂಥವರಲ್ಲೊಬ್ಬಳು, ಕೆಲವು ವರ್ಷಗಳ ಕೆಳಗೆ, ಇಂಗ್ಲಿಷಿನಲ್ಲಿದ್ದ ಪರೀಕ್ಷಾಪತ್ರಗಳ ಕಟ್ಟನ್ನು ನನ್ನ ಮುಂದಿಟ್ಟು ಓದಿ ಹೇಳಿರೆಂದಳು. ಪ್ರತಿಯೊಂದರ ಕೊನೆಯಲ್ಲಿಯೂ ನಾರ್ಮಲ್ ಎಂಬ ಪದ. ನನ್ನ ಗೃಹಿಣಿಯೊಡನೆ ಒಳಗೆ ಕುಳಿತು ಅವಳು ಕೇಳಿದ್ದಿಷ್ಟೇ: “ಎಲ್ಲಾ ಸರಿ ಐತೆ ಅಂತಾರ್ರೀ ಅಮ್ಮಾರೇ, ಹಂಗಾದ್ರೆ ನೋವ್ಯಾಕ್ರೀ?” ಈ ಪ್ರಶ್ನೆಗೆ ಉತ್ತರವು ಆ ಕಟ್ಟಿನಲ್ಲಿರಲಿಲ್ಲ. ಅವಳು ಆ ತನಕ ಯಾವ ವೈದ್ಯರ ಮುಂದೆಯೂ ನೋವು ಯಾವಾಗ ಬರುವುದೆಂದು ಹೇಳಿರಲಿಲ್ಲವೆಂದು ಆಮೇಲೆ ತಿಳಿಯಿತು. ಕೇಳಿದವರೂ ಇಲ್ಲ. ಸೊಂಟನೋವು ಎಂದಿದ್ದಳು. ನಮ್ಮ ಕಡೆ ಹೆಂಗಸರು ಸೊಂಟನೋವು, ಕೆಳಹೊಟ್ಟೆ ನೋವು, ಬಿಳಿಸೆರಗು ಎಂಬ ಮೂರು ಮಾತುಗಳೊಳಗೆ ಇದನ್ನೂ ಮುಚ್ಚಿಟ್ಟು ಹೇಳುವರು. ಇದು ವಿಹೃತವಲ್ಲ, ಶಬ್ದದಾರಿದ್ರ್ಯ.

ಈ ದಾರಿದ್ರ್ಯವನ್ನು ಕನ್ನಡದಲ್ಲಿ ಮೊದಲು ಗಂಭೀರವಾಗಿ ನೀಗಿಸಹೊರಟವರಲ್ಲಿ ಡಾಕ್ಟರ್ ಅನುಪಮಾ ನಿರಂಜನರ ಹೆಸರನ್ನು ಹೇಳಬೇಕು. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿ 1991ರಲ್ಲಿ ತೀರಿಕೊಂಡ ಈಕೆ ವೈದ್ಯವೃತ್ತಿಯನ್ನೂ ಕಾದಂಬರಿಯನ್ನೂ ಒಟ್ಟಿಗೆ ನಡೆಸಿದವರು. ದಾಂಪತ್ಯದೀಪಿಕೆ, ವಧುವಿಗೆ ಕಿವಿಮಾತು, ತಾಯಿ ಮಗು, ಸ್ತ್ರೀ ಸ್ವಾಸ್ಥ್ಯ ಸಂಹಿತೆ, ಈ ಪುಸ್ತಕಗಳನ್ನು ನಮ್ಮ ವಿಮರ್ಶಕರು ಸಾಹಿತ್ಯಚರಿತ್ರೆಯಿಂದ ಹೊರಗಿಟ್ಟು ಉಪಯುಕ್ತ ಗ್ರಂಥಗಳೆಂಬ ಮೂಲೆಗೆ ಸೇರಿಸಿರುವರು. ಇದು ಸರಿಯಲ್ಲವೆಂದು ನಾನು ವಾದಿಸುತ್ತೇನೆ. ದೇಹದ ಅಂಗಗಳಿಗೂ ಅವುಗಳ ಕಷ್ಟಗಳಿಗೂ ಗೃಹಿಣಿಯು ನಾಚದೆ ಓದಬಹುದಾದ ಗದ್ಯವನ್ನು ಕಟ್ಟುವುದು ಒಂದು ಚಂಪುವನ್ನು ಕಟ್ಟುವುದಕ್ಕಿಂತ ಕಡಿಮೆಯ ಕೆಲಸವಲ್ಲ. ಅದೇ ಲೇಖನಿಯು ಮಾಧವಿ ಎಂಬ ಕಾದಂಬರಿಯನ್ನೂ ಬರೆಯಿತು. ಎಂಟುನೂರು ಕುದುರೆಗಳ ಗುರುದಕ್ಷಿಣೆಗಾಗಿ ರಾಜನಿಂದ ರಾಜನಿಗೆ ಸಾಗಿಹೋದ ಯಯಾತಿಯ ಮಗಳ ಕಥೆಯನ್ನು ಮಹಾಭಾರತದ ಉದ್ಯೋಗಪರ್ವದಲ್ಲಿ ನಾವೆಲ್ಲ ಓದಿದ್ದೆವು. ಕುದುರೆಗಳ ಬಣ್ಣವನ್ನು ನೆನಪಿಟ್ಟುಕೊಂಡೆವು. ಪ್ರತಿ ಹೆರಿಗೆಯ ತರುವಾಯವೂ ಅವಳು ಕನ್ಯೆಯಾಗುವಳೆಂಬ ವರವು ಅವಳ ದೇಹಕ್ಕೆ ಎಂಥ ಶಾಪವೆಂದು ಕೇಳಲು ವೈದ್ಯೆಯೇ ಬರಬೇಕಾಯಿತು.

ಆಕೆಯ ಪುಸ್ತಕಗಳ ಬಗೆಗೆ ನನ್ನದೊಂದು ತಕರಾರೂ ಉಂಟು. ವಧುವಿಗೆ ಕಿವಿಮಾತು ಎಂಬ ಹೆಸರನ್ನೇ ನೋಡಿರಿ. ಕಿವಿಮಾತು ಏಕೆ, ಮತ್ತು ವಧುವಿಗೇ ಏಕೆ? ನೋಯುವವಳಿಗೆ ತಿಳಿವಳಿಕೆ ಬೇಕು, ನಿಜ. ನೋಯಿಸುತ್ತಿದ್ದೇನೆಂದು ಅರಿಯದವನಿಗೆ ಬೇಡವೇ? ವಾತ್ಸ್ಯಾಯನನ ಕನ್ಯಾವಿಸ್ರಂಭಣವು ವರನಿಗೆ ಹೇಳಿದ ಪಾಠ. ನಿಲ್ಲು, ಕಾಯು, ಕೇಳು ಎಂದು ಗಂಡಿಗೆ ಹೇಳಿದ್ದು. ಅಷ್ಟು ಹಳೆಯ ಗ್ರಂಥವು ಯಾರನ್ನು ಎದುರಿಗೆ ಕೂರಿಸಿಕೊಂಡಿದ್ದಿತೋ ಅವನು ನಮ್ಮ ಕಾಲದ ಉಪದೇಶಗ್ರಂಥಗಳಲ್ಲಿ ಹಜಾರದಲ್ಲಿ ಪೇಪರು ಓದುತ್ತ ಕುಳಿತಿರುವನು.

ಇನ್ನು ಹೆಸರಿನ ವಿಚಾರ. ಈ ವೇದನೆಗೆ ಕನ್ನಡದಲ್ಲಿ ನಿಂತ ಶಬ್ದವೊಂದು ಇಲ್ಲ. ಪಂಡಿತರಿಗೆ ಬೇಕಾದರೆ ಸಂಗವೇದನೆಯೆನ್ನಬಹುದು. ಸುಶ್ರುತನ ಪರಿಪ್ಲುತೆಯನ್ನೇ ಎತ್ತಿಕೊಂಡರೂ ದೋಷವಿಲ್ಲ, ಆದರೆ ಸಂತೆಗೆ ಹೋಗಿ ಬರುವ ಹೆಂಗಸಿನ ನಾಲಿಗೆಗೆ ಅದು ಹತ್ತುವುದಿಲ್ಲ. ಸಂಡೂರಿನ ಕಡೆಯ ಆಶಾ ಕಾರ್ಯಕರ್ತೆಯೊಬ್ಬರು, ತಾವು ಮನೆಮನೆಗೆ ಹೋದಾಗ “ಕೂಡಿದಾಗ ನೋವಾಗ್ತದೇನವ್ವಾ?” ಎಂದೇ ನೇರವಾಗಿ ಕೇಳುವುದಾಗಿಯೂ, ಹಾಗೆ ಕೇಳತೊಡಗಿದ ಮೇಲೆ ಸೊಂಟನೋವೆಂದವರಲ್ಲಿ ಕೆಲವರು ತಲೆಯಾಡಿಸಿದುದಾಗಿಯೂ ನನಗೆ ಹೇಳಿದರು. ಪಾರಿಭಾಷಿಕ ಪದಕೋಶಗಳನ್ನು ಮಾಡುವವರು ಈ ಪ್ರಶ್ನೆಯನ್ನೂ ಬರೆದುಕೊಳ್ಳಲಿ. ಬಿ.ಎ. ತರಗತಿಗಳಲ್ಲಿ ದಶರೂಪಕವನ್ನು ಪಾಠ ಹೇಳುವ ಮಿತ್ರರು, ಕುಟ್ಟಮಿತದ ಲಕ್ಷಣವನ್ನು ಬರೆಯಿಸಿದ ದಿನವೇ ಉತ್ತರತಂತ್ರದ ಆ ಅರ್ಧ ಶ್ಲೋಕವನ್ನೂ ಹಲಗೆಯ ಮೇಲೆ ಪಕ್ಕದಲ್ಲಿ ಬರೆದು, ಎರಡಕ್ಕೂ ಅರ್ಥ ಹೇಳಿರೆಂದು ವಿದ್ಯಾರ್ಥಿಗಳನ್ನು ಕೇಳಬಹುದು. ಹುಡುಗರನ್ನು ಮೊದಲು ಕೇಳಬೇಕು.